ಮೆಹರುನ್ನಿಸಾ ಕಲಿತ ಹನ್ನೆರಡು ನರಗಳು

ಗದಗ, ಕ್ರಿ.ಶ. 2319, ಫೆಬ್ರವರಿ 30

ತಲೆಯ ನರಗಳ ಹೆಸರು ಬಾಯಿಪಾಠ ಮಾಡುತ್ತಾ ಕೂತಿರುವ ವಿದ್ಯಾರ್ಥಿನಿಗೆ,

ತಾರೀಖು ತಪ್ಪಲ್ಲ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಿಮ್ಮ ಕಾಲದ ಕನ್ನಡ ಬರೆದು ನನಗೆ ರೂಢಿಯಿಲ್ಲ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು.

ನಮ್ಮಲ್ಲಿ ವೈದ್ಯಕೀಯಕ್ಕೆ ಸೇರಿದ ದಿನವೇ ಕಿವಿಯ ಹಿಂದೆ ‘ನೆನಪುಹನಿ’ ಕೂರಿಸುತ್ತಾರೆ. ಅಕ್ಕಿಕಾಳಿನಷ್ಟು ವಸ್ತು. ಹನ್ನೆರಡು ಜೋಡಿ ನರಗಳ ಹೆಸರು, ಕೆಲಸ, ಸಾಗುವ ಹಾದಿ ಎಲ್ಲವೂ ಊಟದ ಹೊತ್ತಿಗೆ ಗೊತ್ತಾಗಿಬಿಟ್ಟಿರುತ್ತದೆ. ನನ್ನ ಕೋಣೆಯ ಗೆಳತಿ ಮೆಹರುನ್ನಿಸಾ ನದಾಫಳ ಮೈಗೆ ಮಾತ್ರ ಹನಿ ಒಗ್ಗಲಿಲ್ಲ. ಜ್ವರ ಏರಿತು, ತೆಗೆಸಬೇಕಾಯಿತು. ಅವಳು ನಿನ್ನ ಹಾಗೆ ಓದಿಯೇ ಕಲಿಯಬೇಕಾಗಿ ಬಂದಾಗ ನನಗೆ ಅಯ್ಯೋ ಪಾಪ ಅನ್ನಿಸಿತ್ತು.

ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಳಕ್ಕೆ ಅವಳು ಹೆಸರು ಹೇಳಿಕೊಳ್ಳುತ್ತಿದ್ದಳು. ಲವಂಗ ಮೂಸಿ ಮೊದಲನೆಯದು, ಹುಬ್ಬೇರಿಸಿ ಏಳನೆಯದು, ನಾಲಿಗೆ ಚಾಚಿ ಕೊನೆಯದು. ನಡುವೆ ಎಲ್ಲೋ ತಪ್ಪುತ್ತಿದ್ದಳು. ಗೆಳತಿಯರೆಲ್ಲ ಸುತ್ತ ನಿಂತು ತಾವೂ ಮುಖ ಸೊಟ್ಟ ಮಾಡಿ ನಗುತ್ತಿದ್ದರು. ತಪ್ಪುವುದು ಗೊತ್ತಿಲ್ಲದ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ.

ಆಮೇಲೆ ಆಸ್ಪತ್ರೆಗೆ ಫಕೀರಪ್ಪ ಎಂಬ ಮುದುಕ ಬಂದ. ಒಂದು ಕಿವಿ ಮಂದವಾಗಿತ್ತು. ಹನಿ ನನಗೆ ಕಿವಿ ಕೇಳಿಸುವ ಎಂಟನೆಯ ನರದ ಬಗ್ಗೆ ಪುಟಗಟ್ಟಲೆ ಹೇಳಿತು. ಮೆಹರುನ್ನಿಸಾ ಅರಳೆ ತಂದು ಅವನ ಎರಡೂ ಕೆನ್ನೆಗೆ ಸವರಿದಳು.

“ಅಜ್ಜಾರ, ಎರಡೂ ಕಡೆ ಒಂದ ಥರ ಅನಸ್ತೈತೇನ್ರಿ?”

“ಇಲ್ರಿ ಬಾಯಾರ. ಈ ಕಡೆ ದಪ್ಪ ಬಟ್ಟಿ ಮ್ಯಾಲೆ ಮುಟ್ಟಿದಂಗ ಆಗತೈತಿ.”

ಕೆನ್ನೆಯ ಸ್ಪರ್ಶ ಐದನೆಯ ನರದ್ದು. ಎಂಟರ ಜೊತೆ ಅದೂ ಸೋತಿದೆ ಎಂದರೆ ಒಳಗೆ ಏನೋ ಎರಡನ್ನೂ ಒತ್ತುತ್ತಿದೆ ಎಂದು ಅವಳು ಹೇಳಿದಳು. ಗಡ್ಡೆಯೇ ಇತ್ತು. ಶಸ್ತ್ರಚಿಕಿತ್ಸೆಯಾಯಿತು, ಫಕೀರಪ್ಪ ಉಳಿದ. ಎಚ್ಚರವಾದಾಗ ಪಕ್ಕದಲ್ಲಿದ್ದ ನನ್ನನ್ನು ನೋಡಿ, “ಆ ಬಾಯಾರು ಎಲ್ಲದಾರ್ರಿ?” ಎಂದ. ಅವತ್ತು ನನಗೆ ಊಟ ಸೇರಲಿಲ್ಲ.

ಮರುವಾರ ನಾನು ಹನಿ ತೆಗೆಸಿದೆ. ಹೆಸರುಗಳೆಲ್ಲ ಅದರ ಜೊತೆಗೇ ಹೋದವು. ಮೆಹರುನ್ನಿಸಾ ಗಾಬರಿಯಾದಳು. “ಹುಚ್ಚೀ, ಪರೀಕ್ಷಿ ಹತ್ರ ಬಂತಲ್ಲ. ಈಗ ನಿನಗೇನ ಬರತೈತಿ?”

“ಏನೂ ಇಲ್ಲ,” ಎಂದೆ. “ನೀನ ಕಲಿಸು.”

ಕಲಿಸುತ್ತಿದ್ದಾಳೆ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಅವಳು ಥಟ್ಟನೆ ಹೇಳುವುದಕ್ಕೆ ನಾನು ಸಂಜೆಯವರೆಗೆ ತಿಣುಕುತ್ತೇನೆ. ನಿನ್ನ ಮೇಲೂ ಅಷ್ಟೇ ಹೊಟ್ಟೆಕಿಚ್ಚು, ಯಾಕೆಂದರೆ ನಿನ್ನ ಜೊತೆ ಕಲಿಯಲು ಇಡೀ ತರಗತಿಯೇ ಇದೆ. ಒಂದು ಕೇಳಿಕೊಳ್ಳುತ್ತೇನೆ. ಇಷ್ಟು ಕಷ್ಟ ನಿನಗೇಕೆ ಎಂದು ಯಾರಾದರೂ ಇಂಥ ಹನಿ ಹಿಡಿದು ಪ್ರೀತಿಯಿಂದ ಬಂದು ಕೇಳಿದರೆ, ಅವರಿಗೆ ಚಹಾ ಕೊಟ್ಟು ಕಳಿಸು. ಮತ್ತೆ ಓದಲು ಕೂರು.

ನೀಲಾಂಬಿಕಾ ಕುರಡಗಿ