ಚೂಟಿಯ ಸರಪಳಿ

೧೪ ನವೆಂಬರ್ ೨೦೦೬, ಮಂಗಳವಾರ. ಹಿರೇಕೊಡಿಗೆ.

ಚೂಟಿಯ ಸರಪಳಿ ಬಿಚ್ಚಿದ್ದು ನಾನು. ಬೆಳಿಗ್ಗೆಯಿಂದ ಅದೇ ಕೊರೆಯುತ್ತಿದೆ.

ಕುಂಯ್‌ಗುಡುತ್ತಿತ್ತು, ಐದು ನಿಮಿಷ ಓಡಾಡಿಕೊಳ್ಳಲಿ ಎಂದುಕೊಂಡೆ. ನೇರ ರಸ್ತೆಗೆ ಓಡಿ ಜೀಪಿನಡಿಗೆ ಬಿತ್ತು. ನಾನು ಹೋಗಿ ಎತ್ತಿಕೊಂಡಾಗ ಮೈ ಇನ್ನೂ ಬಿಸಿಯಿತ್ತು. ಎಂಟು ತಿಂಗಳ ನಾಯಿ. ಒಂದು ಕಿವಿ ಇನ್ನೂ ನೆಟ್ಟಗಾಗಿರಲಿಲ್ಲ.

"ಬಿಚ್ಚಿದ್ದು ಯಾರು?" ಎಂದು ಅತ್ತೆ ಕೇಳಿದರು. ಇವರೇ, "ರಾತ್ರಿ ನಾನೇ ಸರಿಯಾಗಿ ಸಿಕ್ಸಿರ್ಲಿಲ್ಲ ಕಾಣ್ತದೆ" ಎಂದರು.

"ನಾಯಿ ತಾನೆ ಯಶವಂತ, ಕೊಪ್ಪದಿಂದ ಇನ್ನೊಂದು ಮರಿ ತಂದ್ರಾಯ್ತು ಮಾರಾಯ" ಎಂದರು ಮಾವ. ಇವರು ಬೇಲಿಯಾಚೆ ಗುಂಡಿ ತೋಡಿದರು.

ಮದುವೆಯಾಗಿ ಬಂದ ಆರು ತಿಂಗಳಲ್ಲಿ ತವರೂರು ಸೀತೂರಿನ ಸುದ್ದಿ ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ. ಪಾತ್ರೆ ತೊಳೆಯುವಾಗ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿತ್ತು. ಇವತ್ತು ಸಂಜೆಯೂ ಕಾಲು ಅಲ್ಲಾಡಿಸದೆ ನಿಂತು ತೊಳೆದೆ.

ಊಟವಾದ ಮೇಲೆ ಇವರಿಗೆ ಹೇಳಿಬಿಟ್ಟೆ, "ಬಿಚ್ಚಿದ್ದು ನಾನು."

"ಗೊತ್ತು. ಜಗುಲಿಯಿಂದ ಕಂಡಿದ್ದೆ."

ಬಯ್ಯಲಿಲ್ಲ. ಬಯ್ದಿದ್ದರೆ ಅಳುತ್ತಿದ್ದೆ. ಈಗ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನಿದ್ದೆ ಬಂದಿಲ್ಲವೆಂದು ಉಸಿರಿನಲ್ಲೇ ಗೊತ್ತಾಗುತ್ತದೆ. ಕರೆಯಬೇಕು ಅನ್ನಿಸುತ್ತದೆ. ಕರೆದು ಏನು ಹೇಳಲಿ?