ನಿನ್ನ ಬದಲು ಕೂತ ಭಾನುವಾರ

ಹೆಲ್ಲೆವೋಗ್, ನಾರ್ವೆ
ಮಾರ್ಚ್ ೧೧, ೧೯೭೪

ಪ್ರೀತಿಯ ತಂಗಿ ಯೋರುನ್‌ಗೆ, ಕರ್ತನ ಸಮಾಧಾನ ನಿನ್ನ ಜೊತೆಗಿರಲಿ.

ಜ್ವರ ಬಿಟ್ಟಿತೇ? ಊಟ ಸೇರುತ್ತಿದೆಯೇ? ಮೈ ಸ್ವಲ್ಪ ಬಿಸಿಯಾದರೂ ನೀನು ಊಟ ಬಿಡುವವಳು. ಪರಗ್ವೆಯಲ್ಲಿ ತಟ್ಟೆ ಹಿಡಿದು ನಿನ್ನ ಹಿಂದೆ ಓಡಾಡಲು ಅಕ್ಕ ಇಲ್ಲ, ನೆನಪಿಟ್ಟುಕೋ. ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಈ ಸಲ ಕಾಡ್ ಮೀನು ಚೆನ್ನಾಗಿ ಬಿದ್ದಿದೆ. ಉಪ್ಪು ಹಾಕಿ ಹಾಕಿ ನನ್ನ ಬೆರಳುಗಳೆಲ್ಲ ಬಿರಿದಿವೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಿನ್ನ ಪತ್ರವನ್ನು ಎಂದಿನಂತೆ ನಾನೇ ಚರ್ಚಿನ ಸಭೆಯಲ್ಲಿ ಓದಿದೆ. “ಇಲ್ಲಿನ ಮಿಷನ್ ಆಸ್ಪತ್ರೆಯ ಕೆಲಸ ಬಿಟ್ಟು ಇನ್ನು ಕರ್ತನಿಗಾಗಿ ಬರೆಯುವುದೇ ನನ್ನ ಸೇವೆ, ನನ್ನನ್ನು ಕಳುಹಿಸಿದ ಸಭೆಯೇ ಅದಕ್ಕಾಗಿ ನನ್ನನ್ನು ಅಭಿಷೇಕಿಸಬೇಕು” ಎಂದು ನೀನು ಬರೆದ ಸಾಲಿಗೆ ಬಂದಾಗ ನನ್ನ ಓದು ಅಲ್ಲೇ ನಿಂತಿತು. ಮೊದಲ ಬೆಂಚಿನಲ್ಲಿ ಕೂತಿದ್ದ ಹುಲ್ಡಾ ಪಕ್ಕದವಳಿಗೆ, “ಪಾಪ, ತಂಗಿ ಅಂದ್ರೆ ಅವಳಿಗೆ ಪ್ರಾಣ” ಅಂದದ್ದು ಕೇಳಿಸಿತು. ಪ್ರಾಣವೇ, ಸುಳ್ಳಲ್ಲ. ಆದರೆ ಆ ಹೊತ್ತಿಗೆ ಓದು ನಿಂತದ್ದು ಹೊಟ್ಟೆಕಿಚ್ಚಿನಿಂದ. ಸಭೆಯ ಹಿರಿಯರು ಸಂತೋಷದಿಂದ ಒಪ್ಪಿದರು. ಅಭಿಷೇಕವಾದ ಮೇಲೆ ಸಭೆಯ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಒಂದು ಪುಟ ನಿನಗೇ ಮೀಸಲಂತೆ.

ಯೋರುನ್, ಈ ಕರೆ ಮೊದಲು ಬಂದದ್ದು ನನಗೆ. ದೀಕ್ಷಾಸ್ನಾನದ ದಿನ ಆ ಕೊರೆಯುವ ಕಡಲ ನೀರಿನಿಂದ ಮೇಲೆದ್ದಾಗ ‘ಬರಿ’ ಎಂಬ ಮಾತು ನನ್ನ ಎದೆಯೊಳಗೆ ಬಂತು. ನಿನಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಅಂದಿನಿಂದ ಮೀನಿನ ಕೊಟ್ಟಿಗೆಗೆ ಹೋಗುವ ಮುಂಚೆ ದಿನವೂ ಬರೆಯುತ್ತೇನೆ. ಒಳ್ಳೆಯದೆನಿಸಿದ್ದನ್ನು ಪಾಸ್ಟರ್ ಒಡ್ವಾರ್ ಅವರ ಕೈಗೆ ಕೊಡುತ್ತೇನೆ. ಅವರು, “ಚೆನ್ನಾಗಿದೆ ಅಸ್ಲೌಗ್, ಪತ್ರಿಕೇಲಿ ಜಾಗ ಸಿಕ್ಕಿದ್ರೆ ನೋಡೋಣ. ಕಾಫಿ ಆಯ್ತಾ?” ಎನ್ನುತ್ತಾರೆ. ನಿನಗೆ ಮಾತ್ರ ಅದು ಹೇಗೋ ಜಾಗ ಸಿಗುತ್ತದೆ. ನಿನ್ನ ಪತ್ರದಲ್ಲಿ ಹಾವಿದೆ, ಕೆಂಪು ನದಿ ಇದೆ, ದೋಣಿಯಲ್ಲಿ ಆದ ಹೆರಿಗೆ ಇದೆ. ನನ್ನ ಬರಹದಲ್ಲಿ ಇರುವುದು ಉಪ್ಪುಮೀನು ಮತ್ತು ಪ್ರಾರ್ಥನೆ. ಕರ್ತನಿಗೇನು ಹಾವಿನ ಕಥೆಯೇ ಬೇಕೇ? ಅವನು ಮೊದಲು ಕರೆದದ್ದೇ ಮೀನು ಹಿಡಿಯುವವರನ್ನಲ್ಲವೇ?

ಅಷ್ಟು ದೂರದಿಂದ ನೀನು ಬರುವಂತಿಲ್ಲವಲ್ಲ, ಅದಕ್ಕೆ ಹಿರಿಯರು ಊರಿನ ಹಳೆಯ ಪದ್ಧತಿಯನ್ನೇ ಹಿಡಿದರು. ಗ್ರೀನ್‌ಲ್ಯಾಂಡಿನ ಕಡೆ ಮೀನಿಗೆ ಹೋದವನು ಕಾಯಿಲೆ ಬಿದ್ದನೆಂದು ಸುದ್ದಿ ಬಂದರೆ ಅವನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಹಣೆಗೆ ಎಣ್ಣೆ ಹಚ್ಚಿ, ಅವನಿಗಾಗಿ ಪ್ರಾರ್ಥಿಸುತ್ತಿದ್ದರಲ್ಲ, ಅಮ್ಮನೂ ಒಮ್ಮೆ ಅಪ್ಪನ ಬದಲು ಕೂತಿದ್ದಳಲ್ಲ, ಹಾಗೆ ನಿನ್ನ ಬದಲು ನಾನು ಕೂರಬೇಕಂತೆ. ನನ್ನ ಜೀವಮಾನದ ಆಸೆಯನ್ನು ನನ್ನದೇ ಹಣೆಯ ಮೂಲಕ ನಿನಗೆ ಪಾರ್ಸಲ್ ಮಾಡುವುದು. ಅಪ್ಪನನ್ನು ಕೂರಿಸಿ ಎಂದೆ. ಅಪ್ಪ, “ನಂಗೆ ಮಂಡಿನೋವು ಕಣಮ್ಮ” ಅಂದುಬಿಟ್ಟ. ಕುರ್ಚಿಯಲ್ಲಿ ಕೂರುವುದಕ್ಕೆ ಮಂಡಿ ಏನು ಅಡ್ಡ ಬರುತ್ತದೋ ನಾನರಿಯೆ. ಕೊನೆಗೆ ಒಪ್ಪಿಕೊಂಡೆ.

ನಿನ್ನೆ ಆರಾಧನೆ ಮುಗಿದ ಮೇಲೆ ಕೂತೆ. ಪಾಸ್ಟರ್ ನಿನ್ನ ಹೆಸರನ್ನೂ ಸೇವೆಯನ್ನೂ ಎಲ್ಲರಿಗೂ ತಿಳಿಸಿದರು. ಎಣ್ಣೆ ಹಚ್ಚಿದವರು ಸಹೋದರ ಸಿವರ್ಟ್, ನಮ್ಮಿಬ್ಬರಿಗೂ ದೀಕ್ಷಾಸ್ನಾನ ಕೊಟ್ಟ ಹಿರಿಯರು. ಈಗ ಅವರಿಗೆ ಕಣ್ಣು ಮಂದ, ನೆನಪು ಅದಕ್ಕಿಂತ ಮಂದ. ನನ್ನ ಹಣೆಗೆ ಹೆಬ್ಬೆರಳು ಒತ್ತಿ, ತಲೆಯ ಮೇಲೆ ಕೈಯಿಟ್ಟು, “ಕರ್ತನೇ, ನಿನ್ನ ಮಗಳು ಅಸ್ಲೌಗ್ ನಿನಗೋಸ್ಕರ ಬರೀಲಿ ಅಂತ ಇವಳನ್ನ ಮೀಸಲಿಟ್ಟು ನಿನ್ನ ಕೈಗೆ ಕೊಡ್ತಿದ್ದೀವಿ. ಬಹಳ ಕಾಲದಿಂದ ಕಾಯ್ತಿದ್ದಾಳೆ” ಎಂದರು. ಸಭೆ ಅಭ್ಯಾಸಬಲದಿಂದ ಗಟ್ಟಿಯಾಗಿ ಆಮೆನ್ ಅಂದುಬಿಟ್ಟಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಯಾರ ಮುಖವನ್ನೂ ನೋಡಲಿಲ್ಲ, ಅಳುತ್ತಿದ್ದೆ.

ಕಾಫಿಗೆ ಕೂತಾಗ ಪಾಸ್ಟರ್ ಮೆಲ್ಲಗೆ, “ಸಹೋದರರೇ, ಅದು ಯೋರುನ್‌ಗೆ ಅಂತ ಹೇಳಿದ್ನಲ್ಲ” ಎಂದರು. ಸಿವರ್ಟ್ ಸಕ್ಕರೆ ಉಂಡೆಯನ್ನು ಕಾಫಿಯಲ್ಲಿ ಅದ್ದಿ ಚೀಪುತ್ತಾ, “ನಾನೇನೂ ಯೋಚನೆ ಮಾಡಿ ಅನ್ಲಿಲ್ಲಪ್ಪ. ಬಾಯಿಗೆ ಬಂತು, ಅಂದೆ. ಯಾರು ತಂದ್ರು ಅಂತ ನೀವೇ ವಿಚಾರಿಸ್ಕೊಳ್ಳಿ” ಎಂದರು. ಪವಿತ್ರಾತ್ಮನೇ ಹೆಸರು ತಪ್ಪಿದ ಎನ್ನುವ ಧೈರ್ಯ ಯಾರಿಗಿದೆ? ಮುದುಕರು ತಪ್ಪಿದರು ಎನ್ನಲು ಹೋದರೆ, ಅವರ ಕೈಯಿಂದ ಎಣ್ಣೆ ಹಚ್ಚಿಸಿಕೊಂಡವರೇ ಅಲ್ಲಿ ಅರ್ಧಕ್ಕರ್ಧ, ಆ ಎಣ್ಣೆಯೂ ತಪ್ಪಾಗಿಬಿಡುತ್ತದಲ್ಲ. ಅಪ್ಪ ಮಾತ್ರ ದಾರಿಯುದ್ದಕ್ಕೂ ನಗುತ್ತಾ ಬಂದ. “ಇಬ್ರೂ ನನ್ನ ಮಕ್ಕಳೇ. ಎಣ್ಣೆ ಮನೇಲೇ ಉಳೀತು ಬಿಡು” ಅಂದ. ನಾನು ನಗಲಿಲ್ಲ.

ಇವತ್ತು ಬೆಳಿಗ್ಗೆ ಹಣೆಯೊಂದನ್ನು ಬಿಟ್ಟು ಮುಖ ತೊಳೆದೆ. ನಗಬೇಡ. ನೀನು ಬರೆಯುವುದು ಕೆಟ್ಟದಾಗಿದ್ದರೆ ನಿನ್ನನ್ನು ಪ್ರೀತಿಸುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು. ಓದುವಾಗ ನನಗೂ ಅಳು ಬರುತ್ತದೆ, ಅದೇ ನನ್ನ ಸಂಕಟ. ನಿನಗೆ ಆಸ್ಪತ್ರೆಯಲ್ಲಿ ಹೆಸರಿದೆ, ನಿನ್ನ ಹೆಸರಿಟ್ಟ ಕೂಸುಗಳಿವೆ, ಸಭೆಗೆ ಸಭೆಯೇ ನಿನ್ನ ಪತ್ರಕ್ಕೆ ಕಾಯುತ್ತದೆ. ನನಗೆ ಬೇಕಾದದ್ದು ಇದೊಂದೇ, ಅದನ್ನೂ ನೀನೇ ಕೇಳಿದೆ. ನನಗೂ ಅದೇ ಆಸೆ ಇದೆಯೆಂದು ನಿನಗೆ ಮರೆತೇ ಹೋಗಿತ್ತೇನೋ.

ಹೆಣಿಗೆ ಕೂಟದವರು ನಿನಗೆ ಉಣ್ಣೆಯ ಕಾಲುಚೀಲ ಕಳುಹಿಸಿದ್ದಾರೆ. ಆ ಸೆಕೆಗೆ ಯಾಕೆ ಎಂದರೆ ಹುಲ್ಡಾ ಕೇಳುವುದಿಲ್ಲ. ಕರ್ತನು ನಿನ್ನನ್ನು ಜ್ವರದಿಂದಲೂ ಹಾವಿನಿಂದಲೂ ಕಾಪಾಡಲಿ. ಅಪ್ಪ ನಿನ್ನನ್ನು ಹರಸಿದ್ದಾನೆ, ಹೊತ್ತಿಗೆ ಸರಿಯಾಗಿ ಉಣ್ಣು ಎಂದಿದ್ದಾನೆ.

ನಿನ್ನ ಅಕ್ಕ,
ಅಸ್ಲೌಗ್

ವಿ.ಸೂ.: ಅಂಚೆಯ ದೋಣಿ ಬಂದುಬಿಟ್ಟಿದೆ, ಬೇಗ ಹೇಳುತ್ತೇನೆ. ಹಿರಿಯರು ತೀರ್ಮಾನವನ್ನು ನಿನಗೇ ಬಿಟ್ಟಿದ್ದಾರೆ, ತಿಳಿಸುವ ಹೊಣೆ ನನಗೆ. ಆ ಅಭಿಷೇಕ ನಿನಗೇ ಬೇಕೆಂದು ಜೂನ್ ತಿಂಗಳ ಪಂಚಾಶತ್ತಮ ಹಬ್ಬದೊಳಗೆ ನೀನು ಒಂದು ಸಾಲು ಬರೆದರೆ, ಮತ್ತೆ ನನ್ನನ್ನೇ ಕೂರಿಸಿ ನಿನ್ನ ಹೆಸರಿನಲ್ಲಿ ಎಣ್ಣೆ ಹಚ್ಚುತ್ತಾರೆ. ನಿನ್ನಿಂದ ಪತ್ರ ಬಾರದಿದ್ದರೆ ಆದದ್ದೇ ದೇವರ ಚಿತ್ತವೆಂದು ಒಪ್ಪುತ್ತಾರೆ, ಪತ್ರಿಕೆಯ ಪುಟವೂ ನನ್ನದಾಗುತ್ತದೆ. ನೀನು ಎಷ್ಟು ಚೆನ್ನಾಗಿ ಬರೆಯುತ್ತೀಯೆಂದು ನನಗಿಂತ ಬಲ್ಲವರಿಲ್ಲ. ಇದೊಂದು ಸಲ ಬರೆಯಬೇಡ, ತಂಗಿ.