ಕರೆಂಟಿನ ಕಾರು ಯಾರಿಗೆ ಅಗ್ಗ

ಜಹೀರಾಬಾದ್
೧೨ ಏಪ್ರಿಲ್ ೨೦೧೩

ಪ್ರೀತಿಯ ಅವ್ವನಿಗೆ ಲಿಂಗರಾಜನ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? "ಆರಾಮ ಅದ" ಎಂದು ಬರೆಯಬೇಡ, ಇದ್ದದ್ದು ಬರಿ. ಇಲ್ಲಿ ಅಪ್ಪ, ತಂಗಿ ಚೆನ್ನಾಗಿದ್ದಾರೆ. ಅಪ್ಪನ ಕೈಯ ಸಾರಿಗೆ ಇನ್ನೂ ಉಪ್ಪು ಹಿಡಿದಿಲ್ಲ.

ಪೇಪರಿನಲ್ಲಿ ನೀನು ಗುರುತು ಹಾಕಿ ಕಳಿಸಿದ ಕರೆಂಟಿನ ಕಾರು ನೋಡಲು ಸೋಮವಾರ ಹೈದರಾಬಾದಿಗೆ ಹೋಗಿದ್ದೆ. ಸ್ಕೂಟಿಗೆ ಲಸಿಕೆ ಡಬ್ಬಿ ಕಟ್ಟಿಕೊಂಡು ಊರೂರು ತಿರುಗುವ ಈ ನರ್ಸ್ ಕೆಲಸ ಇನ್ನು ನಿನ್ನ ಕಾಲಿಗೆ ಆಗದು ಎಂದು ನೀನೇ ಬರೆದ ಮೇಲೆ ನನಗೆ ಅವಸರವಾಗಿತ್ತು. ಪೇಪರಿನಲ್ಲಿ ಆರು ಲಕ್ಷ, ಶೋರೂಮಿನಲ್ಲಿ ಏಳೂವರೆ. ಆರು ದಿಲ್ಲಿಯ ಬೆಲೆಯಂತೆ. ಅಲ್ಲಿನ ಸರಕಾರ ಒಂದು ಪಾಲು ತಾನೇ ಕೊಡುತ್ತದೆ, ನಮ್ಮದು ಕೊಡುವುದಿಲ್ಲ. ಅದೇ ಕಾರು, ಅದೇ ಬ್ಯಾಟರಿ, ಊರು ಬದಲಾದರೆ ಬೆಲೆ ಯಾಕೆ ಬದಲಾಗಬೇಕು? ನನಗೆ ತಡೆಯಲಾಗಲಿಲ್ಲ. ನೀರು, ನೌಕರಿ, ಕಲ್ಲಿದ್ದಲು ಎಲ್ಲದರಲ್ಲೂ ನಮಗಾದ ಮೋಸವನ್ನು ಅಲ್ಲೇ ನಿಂತು ಹೇಳಿದೆ. ನಮ್ಮ ಪ್ರತ್ಯೇಕ ರಾಜ್ಯ ಬರಲಿ, ಈ ಬೆಲೆಯನ್ನೂ ಇಳಿಸುತ್ತೇವೆ ಎಂದೆ. ಕಾರು ತೋರಿಸುತ್ತಿದ್ದ ಮಯೂರಿ ಎಂಬ ಹುಡುಗಿ ತಾಂಡೂರಿನವಳು, ಮಾತು ನಮ್ಮದೇ. ಎಲ್ಲ ಕೇಳಿಸಿಕೊಂಡು, "ಅಣ್ಣಾರ, ರಾಜ್ಯ ಬರ್ಲಿ, ನಾನೂ ಜೈ ಅಂತೀನಿ. ನಿಮ್ಮ ಅವ್ವಾರು ದಿನಾ ಎಷ್ಟು ಕಿಲೋಮೀಟರ್ ತಿರುಗ್ತಾರ, ಅದು ಹೇಳ್ರಿ ಮೊದಲ" ಎಂದಳು.

ಆಕೆ ಹೇಳಿದಂತೆ, ಈ ಕಾರು ಕೊಳ್ಳಲು ತುಟ್ಟಿ, ಓಡಿಸಲು ಅಗ್ಗ. ದಿನಾ ತುಂಬ ಓಡಿದರೆ ಮಾತ್ರ ಕೊಟ್ಟ ದುಡ್ಡು ಹುಟ್ಟುತ್ತದೆ, ಆದರೆ ಒಂದು ಚಾರ್ಜಿಗೆ ನೂರು ಕಿಲೋಮೀಟರ್ ದಾಟುವುದಿಲ್ಲ. ಚಾರ್ಜಾಗಲು ಐದು ತಾಸು ಬೇಕು. ನೀನಿರುವ ನಾಗಲಗಿದ್ದದಲ್ಲಿ ಒಮ್ಮೆಲೇ ಐದು ತಾಸು ಕರೆಂಟು ಎಂದಾದರೂ ಇರುತ್ತದೆಯೇ, ಬರಿ. ಕೃಷ್ಣೆಯಲ್ಲಿ ನಮ್ಮ ಪಾಲು ಎಷ್ಟು ಟಿಎಂಸಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ನನಗೆ ನಿನ್ನ ಕಿಲೋಮೀಟರ್ ಗೊತ್ತಿರಲಿಲ್ಲ.

ಅದಕ್ಕೇ ಮಂಗಳವಾರ, ನೀನು ನಾರಾಯಣಖೇಡದ ಮೀಟಿಂಗಿಗೆ ಹೋಗಿದ್ದಾಗ, ಗೆಳೆಯ ಮೊಗಲಪ್ಪನ ಬೈಕಿನಲ್ಲಿ ನಿನ್ನ ಊರುಗಳನ್ನೆಲ್ಲ ಸುತ್ತಿ ಬಂದೆ. ಮುನಿಸಿಕೊಳ್ಳಬೇಡ. ಮೀಟರಿನಲ್ಲಿ ನಲವತ್ತಾರು ಬಂತು. ಒಂದು ಚಾರ್ಜು ಸಾಕಲ್ಲ ಎಂದು ಖುಷಿಪಡುವಷ್ಟರಲ್ಲಿ ಕೊನೆಯ ತಾಂಡಾಕ್ಕೆ ಮೊದಲು ಸಿಗುವ ಹಳ್ಳದಲ್ಲಿ ರಸ್ತೆಯೇ ಮುಗಿಯಿತು. ಅಲ್ಲಿ ಸಿಕ್ಕ ಆಶಾ ಕಾರ್ಯಕರ್ತೆ ಈಶಮ್ಮನಿಗೆ ಕಾರಿನ ವಿಷಯ ಹೇಳಿದೆ. ಆಕೆ ನಕ್ಕಳು. "ಕಾರ್ ತಂದು ಹಳ್ಳದಾಗ ನಿಲ್ಲಸ್ತಿಯೇನಪ? ನಿಮ್ಮವ್ವ ಇಲ್ಲಿಂದ ಡಬ್ಬಿ ಹೊತ್ಕೊಂಡು ಎರಡು ಮೈಲು ನಡೀತಾಳ."

ಹಿಂದಿರುಗುವಾಗ ನಾನು ಘೋಷಣೆ, ಬೆಲೆ ಯಾವುದನ್ನೂ ಯೋಚಿಸಲಿಲ್ಲ. ಇಷ್ಟು ವರ್ಷ ನೀನು ಇದನ್ನು ಒಮ್ಮೆಯೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಬ್ಯಾಟರಿ ಅಗ್ಗವಾಗಲಿ, ಆಮೇಲೆ ನೋಡೋಣ ಎಂದು ಅಪ್ಪ ಹೇಳುತ್ತಾನೆ. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ಆಶೀರ್ವಾದ ಬೇಡುವ ಮಗ,
ಲಿಂಗರಾಜ

ತಾ.ಕ.: ಕಾರಿಗೆ ಅಡ್ವಾನ್ಸ್ ಕೊಟ್ಟಿಲ್ಲ. ಇನ್ನು ಬುಧವಾರ, ಶನಿವಾರ ಲಸಿಕೆಯ ದಿನ ಮೊದಲ ಬಸ್ಸಿಗೆ ಬರುತ್ತೇನೆ. ಸ್ಕೂಟಿ ನಾನು ಹೊಡೆಯುತ್ತೇನೆ, ನೀನು ಹಿಂದೆ ಕೂಡು. ಹಳ್ಳದಿಂದಾಚೆ ಡಬ್ಬಿ ನನ್ನ ಹೆಗಲಿಗೆ. ರಾಜ್ಯಕ್ಕಾಗಿ ಬುಧವಾರ ನಡೆಯುವ ಧರಣಿಗೆ ಬರುವುದಿಲ್ಲ ಎಂದು ಸಂಘದವರಿಗೆ ಹೇಳಿಯಾಯಿತು. ಬೈದರು, ಬೈಯಲಿ.